ಎರಡು ದೇಶಗಳು ಗಂಗೆಯನ್ನು ಹೇಗೆ ಹಂಚಿಕೊಂಡವು? ಕಾವೇರಿ ಬಯಲಿನಿಂದ ಒಂದು ಪ್ರಶ್ನೆ

ಕೊನೆತೂಬು (ಮದ್ದೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ಎರಡೂವರೆ ಎಕರೆ ಇದೆ. ಭತ್ತ ಹಾಕುತ್ತೇವೆ, ಸ್ವಲ್ಪ ಕಬ್ಬು. ಕೊನೆಭಾಗ ಅಂದರೆ ಗೊತ್ತಲ್ವಾ, ಮೇಲಿನವರಿಗೆಲ್ಲ ಆದ ಮೇಲೆ ಉಳಿದದ್ದು ನಮಗೆ.

2023ರಲ್ಲಿ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ದಿನವೂ 5,000 ಕ್ಯೂಸೆಕ್ (ಅಂದರೆ ಸೆಕೆಂಡಿಗೆ 5,000 ಘನ ಅಡಿ) ಬಿಡಿ ಅಂತ ಆದೇಶ ಬಂತು. ನಾವು ಮಂಡ್ಯದಲ್ಲಿ ರಸ್ತೆಗೆ ಇಳಿದೆವು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ನಾನೂ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಪೈರು ಹಾಗೇ ಒಣಗುತ್ತಿತ್ತು. ಆ ಕಡೆ ತಂಜಾವೂರಿನಲ್ಲೂ ನನ್ನ ಹಾಗೇ ಒಬ್ಬ ಗದ್ದೆ ಬದುವಿನ ಮೇಲೆ ನಿಂತಿರುತ್ತಾನೆ ಅಂತ ಅವತ್ತು ರಾತ್ರಿ ಅನ್ನಿಸಿತು. ಇದನ್ನು ಊರಿನಲ್ಲಿ ಹೇಳಿದರೆ ಬೈಯುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಒಂದು ವಿಷಯ ಓದಿದೆ. 1996ರಲ್ಲಿ ನಮ್ಮ ದೇವೇಗೌಡರು ಪ್ರಧಾನಿ ಆಗಿದ್ದಾಗ ಬಾಂಗ್ಲಾದೇಶದ ಜೊತೆ ಗಂಗಾ ನದಿ ನೀರಿನ ಒಪ್ಪಂದ ಮಾಡಿಕೊಂಡರಂತೆ. ಹತ್ತು ಹತ್ತು ದಿನಕ್ಕೆ ಯಾರಿಗೆಷ್ಟು ಅಂತ ಪಟ್ಟಿ ಇದೆಯಂತೆ. ಒಂದೇ ದೇಶದೊಳಗಿನ ನಾವು ಕೋರ್ಟಿಗೆ ಅಲೆದು ಅಲೆದು ಸುಸ್ತಾಗಿದ್ದೇವೆ. ಎರಡು ದೇಶಗಳು ಹೇಗೆ ಒಪ್ಪಿಕೊಂಡವು? ನೀರು ಅಳೆಯುವವರು ಯಾರು? ನೀರೇ ಇಲ್ಲದಿದ್ದರೆ ಏನು ಮಾಡುತ್ತಾರೆ? ಅದು ನಿಜವಾಗಿ ನಡೆಯುತ್ತಿದೆಯಾ, ಇಲ್ಲಾ ಬರೀ ಕಾಗದದ ಮೇಲೆ ಇದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಹಿರಿಯೂರಿನವ ಉತ್ತರಿಸಿದ್ದು:

ತಮ್ಮಾ, ನಿಮ್ಮ ಪ್ರಶ್ನೆ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾನು ಫರಕ್ಕಾದಲ್ಲಿ 1993ರಿಂದ ಹನ್ನೊಂದು ವರ್ಷ ಇದ್ದವನು. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕೂಲಿಂಗ್ ವಾಟರ್ ಪಂಪುಗಳು ನನ್ನ ಕೆಲಸ. ನಾವು ನೀರೆತ್ತುತ್ತಿದ್ದುದು ಈ ಒಪ್ಪಂದದಲ್ಲಿ ಹೆಸರಿರುವ ಅದೇ ಫೀಡರ್ ಕಾಲುವೆಯಿಂದ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಫರಕ್ಕಾ ಇರುವುದು ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯಲ್ಲಿ. ಬಾಂಗ್ಲಾದೇಶದ ಗಡಿ ಅಲ್ಲಿಗೆ ತೀರಾ ಹತ್ತಿರ. ಗಂಗೆಗೆ ಅಡ್ಡಲಾಗಿ ಎರಡು ಕಿಲೋಮೀಟರ್‌ಗಿಂತ ಜಾಸ್ತಿ ಉದ್ದದ ಬ್ಯಾರೇಜ್ ಇದೆ, ನೂರಕ್ಕೂ ಹೆಚ್ಚು ಗೇಟು. ಮೇಲೆ ರಸ್ತೆಯೂ ರೈಲೂ ಹೋಗುತ್ತವೆ. ನಿಮ್ಮ ಕೆಆರ್‌ಎಸ್ ತರಹ ನೀರು ಕೂಡಿಡುವ ಅಣೆಕಟ್ಟು ಅಲ್ಲ ಇದು. ಬರುವ ನೀರನ್ನು ಎರಡು ಕಡೆಗೆ ತಿರುಗಿಸುತ್ತದೆ ಅಷ್ಟೇ. ಒಂದು ಪಾಲು ಗೇಟು ದಾಟಿ ಬಾಂಗ್ಲಾದೇಶಕ್ಕೆ, ಅಲ್ಲಿ ಅದಕ್ಕೆ ಪದ್ಮಾ ಅಂತ ಹೆಸರು. ಇನ್ನೊಂದು ಪಾಲು 38 ಕಿಲೋಮೀಟರ್ ಉದ್ದದ ಫೀಡರ್ ಕಾಲುವೆಯಲ್ಲಿ ಭಾಗೀರಥಿ-ಹೂಗ್ಲಿ ನದಿಗೆ. ಕೋಲ್ಕತ್ತಾ ಬಂದರಿನಲ್ಲಿ ಹೂಳು ತುಂಬಿ ಹಡಗು ಬರದಂತಾಗಿತ್ತು. ಆ ಹೂಳನ್ನು ತಳ್ಳಲು ನೀರು ಬೇಕು ಅಂತ 1975ರಲ್ಲಿ ಬ್ಯಾರೇಜ್ ಶುರು ಮಾಡಿದರು. ಕಾಲುವೆ ಹಿಡಿಯುವುದು 40,000 ಕ್ಯೂಸೆಕ್.

ಮಳೆಗಾಲದಲ್ಲಿ ಯಾರಿಗೂ ಜಗಳ ಇಲ್ಲ, ನೀರು ಯಾರಿಗೂ ಬೇಡ ಅನ್ನುವಷ್ಟು ಇರುತ್ತದೆ. ತಕರಾರೆಲ್ಲ ಬೇಸಿಗೆಯದು. ಅದಕ್ಕೇ ಒಪ್ಪಂದ ಇರುವುದೂ ಜನವರಿ 1ರಿಂದ ಮೇ 31ರವರೆಗೆ ಮಾತ್ರ.

ಇನ್ನು ಲೆಕ್ಕಕ್ಕೆ ಬರೋಣ. ಫರಕ್ಕಾಕ್ಕೆ ಬರುವ ನೀರು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅರ್ಧ ಅರ್ಧ. 70,000ದಿಂದ 75,000ದ ನಡುವೆ ಇದ್ದರೆ ಬಾಂಗ್ಲಾಕ್ಕೆ 35,000, ಮಿಕ್ಕಿದ್ದು ನಮಗೆ. 75,000 ದಾಟಿದರೆ ನಮಗೆ 40,000, ಮಿಕ್ಕಿದ್ದೆಲ್ಲ ಅವರಿಗೆ. ಇದು ಸುಲಭ. ಇದರ ಮೇಲೆ ಇನ್ನೊಂದು ಮಾತು ಸೇರಿಸಿದ್ದಾರೆ, ಅದನ್ನು ನೀವು ಎಲ್ಲರಿಗಿಂತ ಬೇಗ ಹಿಡಿಯುತ್ತೀರಿ. ಮಾರ್ಚ್ 11ರಿಂದ ಮೇ 10ರವರೆಗೆ ನದಿ ತೀರಾ ಸೊರಗಿರುತ್ತದೆ. ಆ ಎರಡು ತಿಂಗಳನ್ನು ಹತ್ತು ಹತ್ತು ದಿನದ ಆರು ಕಂತು ಮಾಡಿದ್ದಾರೆ. ಒಂದು ಕಂತಿನಲ್ಲಿ ಬಾಂಗ್ಲಾಕ್ಕೆ 35,000 ಖಾತ್ರಿ. ಮುಂದಿನ ಕಂತಿನಲ್ಲಿ ನಮಗೆ 35,000 ಖಾತ್ರಿ. ಉಳಿದದ್ದು ಇನ್ನೊಬ್ಬರಿಗೆ. ಪಟ್ಟಿಯಲ್ಲಿ ಏಪ್ರಿಲ್ 11ರಿಂದ 20ಕ್ಕೆ ನಮಗೆ 35,000, ಅವರಿಗೆ 27,633. ಏಪ್ರಿಲ್ 21ರಿಂದ 30ಕ್ಕೆ ಅವರಿಗೆ 35,000, ನಮಗೆ 25,992.

ಇದು ನಿಮ್ಮ ಕಟ್ಟು ಪದ್ಧತಿಯೇ ಅಲ್ವಾ? ನಾಲೆಗೆ ಹದಿನೈದು ದಿನ ಬಿಟ್ಟು ಹದಿನೈದು ದಿನ ನಿಲ್ಲಿಸುತ್ತಾರಲ್ಲ, ಆ ಯೋಚನೆಯೇ. ಇಲ್ಲಿ ಯಾರಿಗೂ ಪೂರ್ತಿ ನಿಲ್ಲಿಸುವುದಿಲ್ಲ, ಅದೊಂದೇ ವ್ಯತ್ಯಾಸ. ಇಬ್ಬರಿಗೂ ದಿನವೂ ಸ್ವಲ್ಪ ಸ್ವಲ್ಪ ಕೊಟ್ಟು ಇಬ್ಬರನ್ನೂ ಒಣಗಿಸುವ ಬದಲು, ಒಬ್ಬರ ಸರದಿಯಲ್ಲಿ ಅವರಿಗೆ ಕೆಲಸಕ್ಕೆ ಬರುವಷ್ಟು ನೀರು. ದೇವೇಗೌಡರು ಸಿವಿಲ್ ಡಿಪ್ಲೊಮಾ ಓದಿದವರು, ಹಾಸನದ ರೈತ ಕುಟುಂಬದವರು. ಈ ಪಟ್ಟಿಯನ್ನು ಅವರೇ ಬರೆದರು ಅಂತ ನಾನು ಹೇಳುವುದಿಲ್ಲ, ಅದರ ಹಿಂದೆ ತುಂಬಾ ಜನರ ಕೆಲಸ ಇದೆ. ಆದರೆ ಡಿಸೆಂಬರ್ 12ರ ಆ ಸಂಜೆ ಟೌನ್‌ಶಿಪ್‌ನಲ್ಲಿ ಟಿವಿ ಮುಂದೆ ಕೂತಿದ್ದ ನಾವು ನಾಲ್ಕು ಕನ್ನಡ ಮನೆಯವರಿಗೆ, ದೆಹಲಿಯಲ್ಲಿ ಬಾಂಗ್ಲಾದ ಪ್ರಧಾನಿ ಶೇಖ್ ಹಸೀನಾ ಜೊತೆ ಸಹಿ ಹಾಕುತ್ತಿರುವವರು ನಮ್ಮ ಕಾವೇರಿ ಸೀಮೆಯವರು ಅನ್ನುವುದೇ ದೊಡ್ಡ ಸಂತೋಷವಾಗಿತ್ತು.

ಈಗ ಅಳೆಯುವುದು ಯಾರು ಅಂತ ಕೇಳಿದಿರಿ. ನನ್ನ ಪ್ರಕಾರ ಇಡೀ ಒಪ್ಪಂದ ನಿಂತಿರುವುದು ಇದರ ಮೇಲೆ. ಎರಡೂ ದೇಶದವರು ಸೇರಿ ಅಳೆಯುತ್ತಾರೆ. ಬೇಸಿಗೆಯ ಐದು ತಿಂಗಳು ಬಾಂಗ್ಲಾದ ಎಂಜಿನಿಯರ್‌ಗಳು ಫರಕ್ಕಾಕ್ಕೆ ಬಂದು ಇರುತ್ತಾರೆ. ನಮ್ಮವರು ಅಲ್ಲಿ ಪದ್ಮಾ ಮೇಲಿನ ಹಾರ್ಡಿಂಜ್ ರೈಲು ಸೇತುವೆ ಹತ್ತಿರ ಹೋಗಿ ಇರುತ್ತಾರೆ. ಬ್ಯಾರೇಜ್ ಕೆಳಗೆ, ಫೀಡರ್ ಕಾಲುವೆಯಲ್ಲಿ, ದೋಣಿ ದಾಟಿಸುವ ಲಾಕ್ ಹತ್ತಿರ, ಮತ್ತೆ ಹಾರ್ಡಿಂಜ್ ಸೇತುವೆಯಲ್ಲಿ, ಪ್ರತಿದಿನ ಲೆಕ್ಕ. ದೋಣಿಯಲ್ಲಿ ಕೂತು ಕರೆಂಟ್ ಮೀಟರ್ ಇಳಿಸುವವರನ್ನು ನಾನು ಬೆಳಗ್ಗೆ ಶಿಫ್ಟಿಗೆ ಹೋಗುವಾಗ ಎಷ್ಟೋ ಸಲ ನೋಡಿದ್ದೇನೆ. ದೂರದಿಂದ ನೋಡಿದರೆ ಯಾರು ಭಾರತದವರು, ಯಾರು ಬಾಂಗ್ಲಾದವರು ಅಂತ ಹೇಳಲು ಆಗುತ್ತಿರಲಿಲ್ಲ. ಎಲ್ಲರೂ ಮಾತಾಡುತ್ತಿದ್ದುದು ಬಂಗಾಳಿಯೇ.

ಕಾವೇರಿ ತಮಿಳುನಾಡಿಗೆ ದಾಟುವ ನಮ್ಮ ಬಿಳಿಗುಂಡ್ಲುವಿನಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗ. ಕರ್ನಾಟಕದವರೂ ಅಲ್ಲ, ತಮಿಳುನಾಡಿನವರೂ ಅಲ್ಲ. ಅದು ತಪ್ಪು ಅಂತಲ್ಲ. ಆದರೆ ನಿಮ್ಮ ಪಕ್ಕದ ಗದ್ದೆಯವನ ಜೊತೆ ನೀವೇ ಹೋಗಿ ಕೋಲು ಇಳಿಸಿ ನೋಡುವುದಕ್ಕೂ, ಮೂರನೆಯವರು ಬಂದು ಹೇಳುವುದಕ್ಕೂ ವ್ಯತ್ಯಾಸ ಇದೆ. ಸಂಖ್ಯೆಯ ಮೇಲೆ ಜಗಳ ಇಲ್ಲದಿದ್ದರೆ ಪಾಲಿನ ಮೇಲಿನ ಜಗಳ ಅರ್ಧ ಕಮ್ಮಿ ಆಗುತ್ತದೆ.

ಬಾಂಗ್ಲಾದಲ್ಲಿ 2024ರ ಆಗಸ್ಟ್‌ನಲ್ಲಿ ಸರ್ಕಾರ ಬಿದ್ದು ಎರಡೂ ದೇಶಗಳ ಸಂಬಂಧ ಹದಗೆಟ್ಟಿತಲ್ಲ, ಅದಾದ ಮೇಲೂ 2025ರ ಮಾರ್ಚ್‌ನಲ್ಲಿ ಅವರ ತಂಡ ಫರಕ್ಕಾಕ್ಕೆ ಬಂದು ನೀರು ನೋಡಿ, ಕೋಲ್ಕತ್ತಾದಲ್ಲಿ ಸಭೆ ಮಾಡಿ ಹೋಯಿತು. ಆ ಸುದ್ದಿ ಓದಿ ನನ್ನ ಕಣ್ಣು ತುಂಬಿ ಬಂತು. ನಿಜವಾಗಿ ನಡೆಯುತ್ತಿದೆಯಾ ಅಂದರೆ, ಹೌದು ತಮ್ಮಾ, ನಡೆಯುತ್ತಿದೆ.

ಢಾಕಾ ಡೈರಿ ಉತ್ತರಿಸಿದ್ದು:

ಹಿರಿಯೂರಿನ ಸರ್, ನಿಮ್ಮ ಮಾತು ಓದಿ ಖುಷಿಯಾಯಿತು. ಆದರೆ ಕೆಳಗಿನವರ ಕಡೆಯಿಂದ ಹೇಗೆ ಕಾಣುತ್ತದೆ ಅಂತಲೂ ಯಾರಾದರೂ ಹೇಳಬೇಕು. ನಾನು ದೊಡ್ಡಬಳ್ಳಾಪುರದವಳು. ಗಾರ್ಮೆಂಟ್ಸ್ ಕೆಲಸಕ್ಕೆ ಢಾಕಾಕ್ಕೆ ಬಂದು ಎಂಟು ವರ್ಷ ಆಯಿತು.

ಪದ್ಮಾ ಸೇತುವೆ ಮೇಲೆ ರೈಲು ಓಡುವ ಮುಂಚೆ ಖುಲ್ನಾ ರೈಲು ಹಾರ್ಡಿಂಜ್ ಸೇತುವೆ ಮೇಲೇ ಹೋಗುತ್ತಿತ್ತು. 1915ರ ಸೇತುವೆ, ಕೆಂಪು ಉಕ್ಕಿನ ಹದಿನೈದು ದೊಡ್ಡ ಕಮಾನು. ಒಂದು ಮಾರ್ಚ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಮನೆಗೆ ಹೋಗುತ್ತಿದ್ದೆ. ಕಿಟಕಿಯಿಂದ ನೋಡಿದರೆ ಎಷ್ಟೋ ಕಮಾನುಗಳ ಕೆಳಗೆ ಬರೀ ಮರಳು. ಮರಳಿನ ಮೇಲೆ ಯಾರೋ ಏನೋ ಬೆಳೆ ಹಾಕಿದ್ದರು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇದು ಗಂಗೆ ಅಂತ ನನಗೆ ನಂಬಲು ಆಗಲಿಲ್ಲ. ನಮ್ಮಜ್ಜಿ ಕಾಶಿಯಿಂದ ತಂದ ಗಂಗೆ ಗಿಂಡಿಯನ್ನು ದೇವರ ಮನೆಯಿಂದ ಆಚೆ ತೆಗೆಯಲೂ ಬಿಡುತ್ತಿರಲಿಲ್ಲ.

ಗೆಳತಿಯ ಊರು ಖುಲ್ನಾದಿಂದ ಇನ್ನೂ ಕೆಳಗೆ, ಸುಂದರಬನದ ಕಡೆ. ಪದ್ಮಾದಿಂದ ಗೊರಾಯಿ ಅಂತ ಒಂದು ನದಿ ಕವಲೊಡೆದು ಆ ಕಡೆಗೆ ಸಿಹಿನೀರು ಒಯ್ಯುತ್ತದೆ. ಬೇಸಿಗೆಯಲ್ಲಿ ಪದ್ಮಾ ಇಳಿದರೆ ಗೊರಾಯಿಯ ಬಾಯಿ ಹೂಳಿನಿಂದ ಕಟ್ಟಿಕೊಳ್ಳುತ್ತದೆ. ಮೇಲಿಂದ ಸಿಹಿನೀರು ತಳ್ಳದಿದ್ದರೆ ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ. ಅವರ ಮನೆಯಲ್ಲಿ ಕುಡಿಯುವುದು ಮಳೆಗಾಲದಲ್ಲಿ ಡ್ರಮ್ಮಿಗೆ ಹಿಡಿದಿಟ್ಟ ಮಳೆನೀರು. ಊಟಕ್ಕೆ ಕೂತಾಗ ಆಕೆಯ ಅಮ್ಮ ನನಗೆ ಒಂದು ಲೋಟ ನೀರು ಕೊಟ್ಟರು. ಆ ಒಂದು ಲೋಟ ಅವರ ಲೆಕ್ಕದಲ್ಲಿ ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯಿತು.

ಇಲ್ಲಿ ಫರಕ್ಕಾ ಅನ್ನುವುದು ಎಲ್ಲರ ಬಾಯಲ್ಲಿರುವ ಹೆಸರು. 1976ರ ಮೇ 16ರಂದು ಮೌಲಾನಾ ಭಾಷಾನಿ ಅನ್ನುವ ಹಿರಿಯರು ರಾಜಶಾಹಿಯಿಂದ ಫರಕ್ಕಾದ ಕಡೆಗೆ ದೊಡ್ಡ ಮೆರವಣಿಗೆ ಹೊರಡಿಸಿದ್ದರು. ಇವತ್ತಿಗೂ ಪ್ರತಿ ವರ್ಷ ಆ ದಿನ ನೆನೆಯುತ್ತಾರೆ. ಕೊನೆತೂಬು ಅಣ್ಣ, ನಿಮ್ಮ ಮಂಡ್ಯ ಬಂದ್ ಇದ್ದ ಹಾಗೆಯೇ. ಆದ್ದರಿಂದ ಒಪ್ಪಂದ ನಡೆಯುತ್ತಿದೆ ಅನ್ನುವುದು ನಿಜ, ಆದರೆ ಎಲ್ಲ ಸರಿಹೋಗಿದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ವಕಾಲತ್ತು (ಧಾರವಾಡ) ಉತ್ತರಿಸಿದ್ದು:

ಸಣ್ಣದೊಂದು ವಿಷಯ ಸೇರಿಸುತ್ತೇನೆ. ನಾನು ಕಾನೂನು ಓದುತ್ತಿದ್ದೇನೆ.

ಈ ಒಪ್ಪಂದದಲ್ಲಿ ತೀರ್ಪು ಕೊಡುವ ಮೂರನೆಯವರು ಯಾರೂ ಇಲ್ಲ. ತಕರಾರು ಬಂದರೆ ಜಂಟಿ ಸಮಿತಿ, ಅಲ್ಲೂ ಆಗದಿದ್ದರೆ ಜಂಟಿ ನದಿ ಆಯೋಗ, ಅದು 1972ರಿಂದ ಇದೆ. ಕೊನೆಗೆ ಎರಡು ಸರ್ಕಾರಗಳು. ಅಷ್ಟೇ. ಕಾವೇರಿಯಲ್ಲಿ ನಮಗೆ 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಎಲ್ಲವೂ ಇದೆ. ಕೋರ್ಟ್ ಬಾಗಿಲು ಇದೆ ಅಂತ ಗೊತ್ತಿದ್ದರೆ ಮಾತುಕತೆ ಮೇಜಿನಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ. ಹಾಗಂತ ಕೋರ್ಟ್ ಬೇಡ ಅನ್ನಲೂ ಆಗುವುದಿಲ್ಲ. ಗಂಗೆಯ ವಿಷಯದಲ್ಲಿ ಕೆಳಗಿನ ದೇಶಕ್ಕೆ ಮೇಲಿನವರ ಒಳ್ಳೆಯತನ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

1977ರಲ್ಲಿ ಐದು ವರ್ಷಕ್ಕೆ ಒಂದು ಒಪ್ಪಂದ ಆಗಿತ್ತು. ಅದರಲ್ಲಿ ನದಿ ಎಷ್ಟೇ ಇಳಿದರೂ ಪಟ್ಟಿಯಲ್ಲಿರುವ ಬಾಂಗ್ಲಾದ ಪಾಲಿನ ಶೇಕಡಾ 80 ಭಾಗ ಕೊಡಲೇಬೇಕು ಅಂತ ಖಾತ್ರಿ ಇತ್ತು. 1996ರಲ್ಲಿ ಆ ಖಾತ್ರಿ ಇಲ್ಲ. 50,000 ಕ್ಯೂಸೆಕ್‌ಗಿಂತ ಕೆಳಗಿಳಿದರೆ ಎರಡೂ ಸರ್ಕಾರ ಕೂಡಲೇ ಕೂತು ಮಾತಾಡಬೇಕು ಅಂತ ಮಾತ್ರ ಇದೆ.

ಕೊನೆತೂಬು (ಮದ್ದೂರು):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಢಾಕಾ ಅಕ್ಕ, ಆ ನೀರಿನ ಲೋಟದ ಮಾತು ನಮ್ಮ ಮನೆಯವಳಿಗೂ ಓದಿ ಹೇಳಿದೆ.

ಹಿರಿಯೂರಿನ ಸರ್, ಇನ್ನೂ ಎರಡು ಪ್ರಶ್ನೆ. ಒಂದು, ಪಶ್ಚಿಮ ಬಂಗಾಳದವರು ಇದಕ್ಕೆ ಹೇಗೆ ಒಪ್ಪಿದರು? ನಮ್ಮಲ್ಲಿ ರಾಜ್ಯ ಒಪ್ಪದೆ ಏನೂ ಆಗುವುದಿಲ್ಲ. ಎರಡು, 50,000ಕ್ಕಿಂತ ಕೆಳಗೆ ಯಾವಾಗಲಾದರೂ ಇಳಿದಿದೆಯಾ?

ಹಿರಿಯೂರಿನವ:

ಒಳ್ಳೆ ಪ್ರಶ್ನೆ. ಎರಡನೆಯದು ಮೊದಲು. ಇಳಿದಿದೆ. ಸಹಿ ಹಾಕಿದ ಮೂರೇ ತಿಂಗಳಿಗೆ, 1997ರ ಬೇಸಿಗೆಯಲ್ಲೇ ಇಳಿಯಿತು. ಪಟ್ಟಿ ಮಾಡಿದ್ದು 1949ರಿಂದ 1988ರವರೆಗಿನ 40 ವರ್ಷದ ಸರಾಸರಿ ನೋಡಿ. ಆದರೆ ಅಷ್ಟು ಹೊತ್ತಿಗೆ ಮೇಲಿನ ಉತ್ತರ ಪ್ರದೇಶ, ಬಿಹಾರಗಳಲ್ಲಿ ನೀರೆತ್ತುವುದು ಜಾಸ್ತಿಯಾಗಿತ್ತು. ಫರಕ್ಕಾಕ್ಕೆ ಎಷ್ಟು ಬರಬೇಕು ಅಂತ ಒಪ್ಪಂದ ಯಾರನ್ನೂ ಕಟ್ಟಿಹಾಕುವುದಿಲ್ಲ. ಬಂದದ್ದನ್ನು ಹಂಚುತ್ತದೆ, ಅಷ್ಟೇ. ಹರಿವು ಹೆಚ್ಚಿಸಲು ಎರಡೂ ದೇಶ ಸೇರಿ ಕೆಲಸ ಮಾಡಬೇಕು ಅಂತ ಒಂದು ಕಲಂ ಇದೆ. ಆ ಕೆಲಸ ಮುಂದೆ ಹೋಗಲಿಲ್ಲ. ನನ್ನ ಮಟ್ಟಿಗೆ ಈ ಒಪ್ಪಂದದ ದೊಡ್ಡ ಕೊರತೆ ಇದೇ. ಇದ್ದ ರೊಟ್ಟಿ ಹಂಚಿಕೊಂಡರು, ರಾಗಿ ಬೆಳೆಯುವ ಮಾತು ಹಾಗೇ ಉಳಿಯಿತು.

ನಾನು ಊರಿಗೆ ಬಂದ ಮೇಲೆ, 2016ರ ಮಾರ್ಚ್‌ನಲ್ಲಿ, ಫೀಡರ್ ಕಾಲುವೆಯಲ್ಲಿ ನೀರು ಎಷ್ಟು ಇಳಿಯಿತೆಂದರೆ ಆ ವಿದ್ಯುತ್ ಸ್ಥಾವರವನ್ನೇ ನಿಲ್ಲಿಸಬೇಕಾಯಿತು. ನಾನು ಹನ್ನೊಂದು ವರ್ಷ ನೋಡಿಕೊಂಡ ಪಂಪುಗಳು ನೀರಿಲ್ಲದೆ ನಿಂತವು ಅಂತ ಕೇಳಿ ತುಂಬಾ ಸಂಕಟವಾಯಿತು. ಕೊರತೆ ಬಾಂಗ್ಲಾಕ್ಕೆ ಮಾತ್ರ ಅಂತ ತಿಳಿಯಬೇಡಿ, ನಮಗೂ ಆಗಿದೆ. ಬ್ಯಾರೇಜ್ ಮೇಲ್ಭಾಗದ ಮಾಲ್ದಾ ಜಿಲ್ಲೆಯಲ್ಲಿ ನದಿ ದಡ ಕೊರೆದು ಪಂಚಾನಂದಪುರ ಅನ್ನುವ ಊರನ್ನೇ ನುಂಗಿತು. ಮನೆ ಕಳೆದುಕೊಂಡ ಜನ ನಮ್ಮ ಟೌನ್‌ಶಿಪ್‌ಗೆ ಕೂಲಿಗೆ ಬರುತ್ತಿದ್ದರು. ಬ್ಯಾರೇಜ್ ಬಂದ ಮೇಲೆ ಸಮುದ್ರದಿಂದ ಮೇಲೇರಿ ಬರುವ ಇಲಿಶ್ ಮೀನು ಅಲ್ಲಿಂದ ಮೇಲಕ್ಕೆ ಹೋಗುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಮುಂಚೆ ಅದು ಅಲಹಾಬಾದಿನವರೆಗೂ ಸಿಗುತ್ತಿತ್ತಂತೆ. ಪಟ್ಟಿಯಲ್ಲಿ ಎರಡು ಸಾಲು ಇದೆ, ಭಾರತ ಮತ್ತು ಬಾಂಗ್ಲಾದೇಶ. ನದಿಗೆ, ಮೀನಿಗೆ, ಸುಂದರಬನಕ್ಕೆ ಅಂತ ಮೂರನೆಯ ಸಾಲು ಇಲ್ಲ. ನನಗೆ ಆಗ ಇದು ಹೊಳೆದಿರಲಿಲ್ಲ. ವಯಸ್ಸಾದ ಮೇಲೆ ಹೊಳೆಯಿತು.

ಬಂಗಾಳ ಹೇಗೆ ಒಪ್ಪಿತು ಅಂದರೆ, ಅವರನ್ನು ಮೊದಲೇ ಜೊತೆಗೆ ಕರೆದುಕೊಂಡರು. ಆಗ ಮುಖ್ಯಮಂತ್ರಿ ಜ್ಯೋತಿ ಬಸು. ಸಹಿಗೆ ಕೆಲವು ದಿನ ಮುಂಚೆ ಅವರೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ಕೋಲ್ಕತ್ತಾ ಬಂದರು ಅವರದೇ, ನೀರು ಬಿಟ್ಟುಕೊಡುವವರೂ ಅವರೇ. 2011ರಲ್ಲಿ ತೀಸ್ತಾ ನದಿಗೆ ಇದೇ ತರಹ ಒಪ್ಪಂದ ತಯಾರಾಗಿತ್ತು. ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ, ಅದು ನಿಂತಿತು. ಎರಡೂ ದೇಶಗಳ ನಡುವೆ 54 ನದಿ ಹರಿಯುತ್ತವೆ, ಪೂರ್ತಿ ಪಟ್ಟಿ ಮಾಡಿ ಹಂಚಿಕೊಂಡಿದ್ದು ಗಂಗೆ ಒಂದನ್ನೇ.

ಕಾವೇರಿಗೆ ಇದನ್ನು ಹಾಗೇ ತಂದು ಅಂಟಿಸಲು ಆಗುವುದಿಲ್ಲ, ಅದನ್ನೂ ಹೇಳಬೇಕು. ಗಂಗೆಗೆ ಹಿಮದ ನೀರಿನ ಆಸರೆ ಇದೆ, ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ ಅಂತ ಸುಮಾರಾಗಿ ಗೊತ್ತು. ನಮಗೆ ಕಷ್ಟ ಬರುವುದು ಜೂನ್‌ನಿಂದ ಸೆಪ್ಟೆಂಬರ್, ಮಳೆ ಬರುತ್ತದೋ ಇಲ್ಲವೋ ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ. ಬರ ಬಂದರೆ ಪಾಲಿಗೆ ತಕ್ಕಂತೆ ಎಲ್ಲರಿಗೂ ಕಡಿತ ಅಂತ ನಮ್ಮ ಐತೀರ್ಪಿನಲ್ಲೂ ಇದೆ. ಆದರೆ ಯಾವ ಹತ್ತು ದಿನಕ್ಕೆ ಎಷ್ಟು ಅಂತ ಮಳೆ ಚೆನ್ನಾಗಿ ಬಿದ್ದ ವರ್ಷ, ಹೊಟ್ಟೆ ತುಂಬಿದಾಗ, ಕೂತು ಬರೆದಿಟ್ಟುಕೊಳ್ಳಬೇಕಿತ್ತು. ಬರಗಾಲದ ಸೆಪ್ಟೆಂಬರ್‌ನಲ್ಲಿ ಕೂತರೆ ಯಾವ ರೈತ ತಾನೇ ಒಪ್ಪುತ್ತಾನೆ? 1996ರಲ್ಲಿ ಅವರು ಡಿಸೆಂಬರ್‌ನಲ್ಲಿ ಸಹಿ ಹಾಕಿದರು, ನದಿ ಇಳಿಯುವ ಮೊದಲು.

ಒಪ್ಪಂದಕ್ಕೆ 30 ವರ್ಷ ಅವಧಿ. 2026ರ ಡಿಸೆಂಬರ್‌ಗೆ ಮುಗಿಯುತ್ತದೆ. 1988ರಿಂದ 1996ರವರೆಗೆ ಯಾವ ಒಪ್ಪಂದವೂ ಇರಲಿಲ್ಲ. ನಾನು ಹೋದ ಮೊದಲ ಮೂರು ವರ್ಷ ಆ ಕಾಲದ್ದೇ. ಬ್ಯಾರೇಜ್ ಮೇಲೆ ನಡೆಯುವಾಗ ಕೆಳಗೆ ಮರಳು ನೋಡಿ, ಆ ಕಡೆಯವರು ನಮ್ಮ ಬಗ್ಗೆ ಏನು ಅಂದುಕೊಳ್ಳುತ್ತಿರಬಹುದು ಅಂತ ಅನ್ನಿಸುತ್ತಿತ್ತು. ಆ ಕಾಲ ವಾಪಸ್ ಬರಬಾರದು. ಪಟ್ಟಿ ಬದಲಾಗಲಿ, ಸಂಖ್ಯೆ ಬದಲಾಗಲಿ, ಆದರೆ ಜನವರಿ 1ಕ್ಕೆ ಆ ದೋಣಿಗಳು ನೀರಿಗೆ ಇಳಿಯಬೇಕು.

ಢಾಕಾದ ತಂಗಿ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಮುಂದಿನ ಸಲ ಆ ಕಡೆ ಹೋದರೆ ಹಾರ್ಡಿಂಜ್ ಸೇತುವೆಯ ಹದಿನೈದು ಕಮಾನಿನಲ್ಲಿ ಎಷ್ಟರ ಕೆಳಗೆ ನೀರಿದೆ ಅಂತ ಎಣಿಸಿ, ತಾರೀಖು ಹಾಕಿ ಇಲ್ಲಿ ಬರೆಯಿರಿ.

ಢಾಕಾ ಡೈರಿ:

ಖಂಡಿತ ಸರ್. ಗೆಳತಿಯ ತಮ್ಮ ಈಶ್ವರ್ದಿಯಲ್ಲಿ ಓದುತ್ತಿದ್ದಾನೆ, ಸೇತುವೆ ಅಲ್ಲಿಂದ ಹತ್ತಿರ. ಪ್ರತಿ ಹತ್ತು ದಿನಕ್ಕೊಮ್ಮೆ ಎಣಿಸಿ ಹೇಳು ಅಂತ ಈಗಲೇ ಅವನಿಗೆ ಮೆಸೇಜ್ ಹಾಕಿದೆ. ಯಾಕೆ ಅಂತ ಕೇಳಿದ. ಕರ್ನಾಟಕದಲ್ಲಿ ಇಬ್ಬರು ಕಾಯುತ್ತಿದ್ದಾರೆ ಅಂತ ಹೇಳಿದ್ದೇನೆ.